ಅಮೆರಿಕಾ ಅಧ್ಯಕ್ಷರ ಸಹಿಗೆ ನಿಜಕ್ಕೂ ಎಷ್ಟು ತೂಕ?

ಪ್ರಶ್ನೆ: ಬಾಂಡ್‌ಪೇಪರ್ ಮಂಡ್ಯ

ಮಂಡ್ಯದ ಕೋರ್ಟ್ ಹತ್ತಿರ ನನ್ನದೊಂದು ಚಿಕ್ಕ ಟೈಪಿಂಗ್, ಜೆರಾಕ್ಸ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಕರಾರು ಪತ್ರ, ಭೋಗ್ಯದ ಪತ್ರ, ಅಫಿಡವಿಟ್ ಟೈಪ್ ಮಾಡಿಯೇ ಬದುಕುತ್ತಿದ್ದೇನೆ. ನಮ್ಮಲ್ಲಿ ಬರೀ ಸಹಿ ಬಿದ್ದರೆ ಏನೂ ಆಗಲ್ಲ. ಸಾಕ್ಷಿ ಬೇಕು, ನೋಟರಿ ಸೀಲು ಬೇಕು, ಕೆಲವಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನ ಕ್ಯೂ ಬೇರೆ.

ಆದರೆ ಟಿವಿಯಲ್ಲಿ ನೋಡಿ, ಅಮೆರಿಕಾ ಅಧ್ಯಕ್ಷರು ದಪ್ಪ ಪೆನ್ನಿನಲ್ಲಿ ಸಹಿ ಗೀಚಿ ಕ್ಯಾಮೆರಾ ಕಡೆ ತಿರುಗಿಸಿ ತೋರಿಸುತ್ತಾರೆ. "ಅಲ್ಲಿಗೆ ಮುಗೀತು, ಕೇಳೋರಿಲ್ಲ" ಅಂತಾರೆ ಟೀ ಅಂಗಡಿಗೆ ಬರುವ ಕಬ್ಬಿನ ಲಾರಿ ಓನರ್. ನಾನು ಒಪ್ಪಲಿಲ್ಲ. ಹಾಗಾದರೆ ಅವರಿಗೂ ಹಳೇ ಕಾಲದ ರಾಜರಿಗೂ ಏನು ವ್ಯತ್ಯಾಸ? ಗೊತ್ತಿದ್ದವರು ಬಿಡಿಸಿ ಹೇಳಿ. ಒಂದು ಪ್ಲೇಟ್ ಮದ್ದೂರು ವಡೆ ಪಣಕ್ಕಿದೆ.

ಉತ್ತರ: ಕುವೆಂಪುನಗರ ಮೇಡಂ

ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು ನಾನು. ನಿಮ್ಮ ಕಸುಬಿನಲ್ಲೇ ಉತ್ತರ ಇದೆ. ಸಹಿ ಯಾವ ಕಾಗದದ ಮೇಲೆ ಬಿತ್ತು ಅಂತ ಮೊದಲು ನೋಡಬೇಕು.

ಟಿವಿಯಲ್ಲಿ ಹಾಗೆ ತಿರುಗಿಸಿ ತೋರಿಸುವುದು ಹೆಚ್ಚಾಗಿ ಕಾರ್ಯಾದೇಶ. ತಮ್ಮ ಕೈಕೆಳಗಿನ ಇಲಾಖೆಗಳಿಗೆ ಕೊಡುವ ಹುಕುಂ ಅಷ್ಟೇ. ಅದಕ್ಕೆ ಸಂವಿಧಾನದ್ದೋ, ಕಾಂಗ್ರೆಸ್ ಮಾಡಿದ ಕಾನೂನಿನದ್ದೋ ಬಲ ಇರಬೇಕು. (ಕಾಂಗ್ರೆಸ್ ಅಂದರೆ ಅಲ್ಲಿನ ಪಾರ್ಲಿಮೆಂಟು. ಪ್ರತಿ ವರ್ಷ ಯಾರಾದರೂ ಒಬ್ಬ ಹುಡುಗ "ನಮ್ಮ ಕಾಂಗ್ರೆಸ್ಸೇನಾ ಮೇಡಂ?" ಅಂತ ಕೇಳದೆ ಬಿಟ್ಟಿಲ್ಲ.) 1952ರಲ್ಲಿ ಕೊರಿಯಾ ಯುದ್ಧ ನಡೆಯುತ್ತಿತ್ತು. ಉಕ್ಕಿನ ಕಾರ್ಮಿಕರು ಮುಷ್ಕರಕ್ಕೆ ಹೊರಟಿದ್ದರು. ಅಧ್ಯಕ್ಷ ಟ್ರೂಮನ್ ಸಹಿ ಹಾಕಿ ಕಾರ್ಖಾನೆಗಳನ್ನೇ ಸರ್ಕಾರದ ಕೈಗೆ ತೆಗೆದುಕೊಂಡರು. ಎರಡು ತಿಂಗಳೂ ಆಗಲಿಲ್ಲ, ಸುಪ್ರೀಂ ಕೋರ್ಟ್ 6-3ರಲ್ಲಿ ಅದನ್ನು ಹೊಡೆದು ಹಾಕಿತು. ಕಾರ್ಖಾನೆಗಳು ಮಾಲೀಕರಿಗೆ ವಾಪಸ್. ಲಾರಿ ಓನರ್‌ಗೆ ಇದನ್ನೊಂದು ಹೇಳಿ.

ಇನ್ನು ಕಾನೂನಿಗೆ ಹಾಕುವ ಸಹಿ. ಎರಡೂ ಸದನ ಒಪ್ಪಿದ ಮಸೂದೆ ಅಧ್ಯಕ್ಷರ ಮೇಜಿಗೆ ಬರುತ್ತದೆ. ಇಲ್ಲಿ ಹಾಕುವ ಸಹಿಗಿಂತ ಹಾಕದ ಸಹಿಗೇ ಬಲ ಜಾಸ್ತಿ. ಸಹಿ ಹಾಕದೆ, ಬೇಡ ಅಂತ ಮಸೂದೆಯನ್ನು ವಾಪಸ್ ಕಳಿಸಿದರೆ ಅದೇ ವೀಟೋ. ಅದನ್ನು ಮೀರಲು ಎರಡೂ ಸದನದಲ್ಲಿ ಮೂರನೇ ಎರಡು ಭಾಗ ಮತ ಬೇಕು, ಅದು ಸುಲಭಕ್ಕೆ ಸಿಗಲ್ಲ. ಫ್ರಾಂಕ್ಲಿನ್ ರೂಸ್‌ವೆಲ್ಟ್ 635 ಸಲ ವೀಟೋ ಮಾಡಿದರು. ಕಾಂಗ್ರೆಸ್‌ಗೆ ಮೀರಲು ಆಗಿದ್ದು ಬರೀ 9. ಪೆನ್ನಿನ ಮಾತು ಬಂತಲ್ಲ, 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 70ಕ್ಕೂ ಹೆಚ್ಚು ಪೆನ್ನು ಬಳಸಿ ಸಹಿ ಮಾಡಿ, ಅವನ್ನು ಹಂಚಿಬಿಟ್ಟರು. ಮಾರ್ಟಿನ್ ಲೂಥರ್ ಕಿಂಗ್ ಅವರಿಗೂ ಒಂದು ಸಿಕ್ಕಿತು.

ಬೇರೆ ದೇಶದ ಜೊತೆಗಿನ ಒಪ್ಪಂದಕ್ಕೆ ಸೆನೆಟ್, ಅಂದರೆ ಕಾಂಗ್ರೆಸ್‌ನ ಮೇಲ್ಮನೆ, ಒಪ್ಪಬೇಕು. ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಶಾಂತಿ ಒಪ್ಪಂದಕ್ಕೆ ಅಧ್ಯಕ್ಷ ವಿಲ್ಸನ್ ಸಹಿ ಹಾಕಿ ಬಂದರು, ಸೆನೆಟ್ ಬೇಡ ಅಂದಿತು. ದುಡ್ಡಿನ ಬೀಗದ ಕೈಯೂ ಕಾಂಗ್ರೆಸ್ ಹತ್ತಿರವೇ.

ಕ್ಷಮಾದಾನ ಮಾತ್ರ ಬರೀ ಸಹಿಯಲ್ಲೇ ಮುಗಿಯುವ ಕಾಗದ. ಸಾಕ್ಷಿ ಬೇಡ, ಸೀಲು ಕೊಡುವವರನ್ನು ಕೇಳಬೇಕಾಗಿಲ್ಲ. 1974ರಲ್ಲಿ ಅಧ್ಯಕ್ಷ ಫೋರ್ಡ್ ಅವರು ಹಿಂದಿನ ಅಧ್ಯಕ್ಷ ನಿಕ್ಸನ್‌ಗೆ ಕೇಸು ದಾಖಲಾಗುವ ಮೊದಲೇ ಕ್ಷಮೆ ಕೊಟ್ಟುಬಿಟ್ಟರು. ಆದರೆ ರಾಜ್ಯಗಳ ಕಾನೂನಿನ ಅಪರಾಧಕ್ಕೆ ಅದು ನಡೆಯಲ್ಲ.

ಇಳಿಸುವುದರಲ್ಲೂ ನಮಗೂ ಅವರಿಗೂ ಬಹಳ ದೂರ. 1999ರಲ್ಲಿ ವಾಜಪೇಯಿ ಸರ್ಕಾರ 269-270ಕ್ಕೆ, ಒಂದೇ ಮತದಲ್ಲಿ ಬಿತ್ತು. ಅಮೆರಿಕಾದಲ್ಲಿ ಅವಿಶ್ವಾಸ ಮತ ಅನ್ನೋದೇ ಇಲ್ಲ, ಗೆದ್ದರೆ ನಾಲ್ಕು ವರ್ಷ. ತಪ್ಪು ಮಾಡಿದರೆ ವಾಗ್ದಂಡನೆ, ಅಂದರೆ ಕೆಳಮನೆ ಆರೋಪ ಹೊರಿಸುತ್ತದೆ, ಸೆನೆಟ್ ವಿಚಾರಣೆ ಮಾಡಿ ತೀರ್ಮಾನಿಸುತ್ತದೆ. 1868ರಲ್ಲಿ ಆಗಿನ ಅಧ್ಯಕ್ಷ ಆಂಡ್ರೂ ಜಾನ್ಸನ್ ಹಾಗೆ ಸೆನೆಟ್ ಮುಂದೆ ನಿಂತು, ಒಂದೇ ಮತದಲ್ಲಿ ಉಳಿದುಕೊಂಡರು. ಇಲ್ಲಿ ಒಂದು ಮತ ಕುರ್ಚಿ ಕಿತ್ತಿತು, ಅಲ್ಲಿ ಒಂದು ಮತ ಕುರ್ಚಿ ಉಳಿಸಿತು.

ಉತ್ತರ: ಮಾಜಿ ಸೈನಿಕ, ಶ್ರೀರಂಗಪಟ್ಟಣ

ಮೇಡಂ, ಸೈನ್ಯದ ವಿಷಯ ಬಿಟ್ಟೇಬಿಟ್ಟಿರಿ. ಕಾರ್ಖಾನೆ ತೆಗೆದುಕೊಳ್ಳೋಕೆ ಆಗದ ಅದೇ ಟ್ರೂಮನ್, ಕೊರಿಯಾಕ್ಕೆ ಸೈನ್ಯ ಕಳಿಸುವಾಗ ಕಾಂಗ್ರೆಸ್‌ನ ಒಪ್ಪಿಗೆ ಕೇಳಲೇ ಇಲ್ಲ. ಯುದ್ಧ ಸಾರುವ ಅಧಿಕಾರ ಸಂವಿಧಾನದಲ್ಲಿ ಕಾಂಗ್ರೆಸ್‌ಗೆ ಇದೆ. ಆದರೆ ಅದು ಅಧಿಕೃತವಾಗಿ ಯುದ್ಧ ಸಾರಿದ್ದು ಕೊನೆಯ ಸಲ 1942ರಲ್ಲಿ. ಆಮೇಲಿನ ಒಂದೂ ಯುದ್ಧವನ್ನು ಹಾಗೆ ಸಾರಿಲ್ಲ.

1973ರಲ್ಲಿ ಕಾನೂನು ತಂದರು. ಸೈನ್ಯ ಕಾದಾಟಕ್ಕೆ ಇಳಿದರೆ 48 ಗಂಟೆಯೊಳಗೆ ಕಾಂಗ್ರೆಸ್‌ಗೆ ಹೇಳಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನದಲ್ಲಿ ನಿಲ್ಲಿಸಬೇಕು ಅಂತ. ನಿಕ್ಸನ್ ವೀಟೋ ಮಾಡಿದರು, ಕಾಂಗ್ರೆಸ್ ಅದನ್ನೂ ಮೀರಿತು. ಆದರೆ ನಾನು ಹದಿನೇಳು ವರ್ಷ ಯೂನಿಫಾರ್ಮ್ ಹಾಕಿದವನು. ಗಾಡಿ ಗಡಿ ದಾಟಿದ ಮೇಲೆ ಊರಲ್ಲಿ ಕೂತವರ ಲೆಕ್ಕಾಚಾರ ಬೇರೆಯಾಗುತ್ತದೆ. ಲಾರಿ ಓನರ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ ಸ್ವಾಮಿ.

ಉತ್ತರ: ಕುವೆಂಪುನಗರ ಮೇಡಂ

ಒಪ್ಪಿದೆ ಸಾರ್. ಪಾಠದಲ್ಲಿ "ಸೇನೆಯ ಮಹಾದಂಡನಾಯಕ" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆವು. ಅದೇ ಎಲ್ಲಕ್ಕಿಂತ ಉದ್ದದ ಸಾಲು.

ಬಾಂಡ್‌ಪೇಪರ್ ಮಂಡ್ಯ

ಇಬ್ಬರಿಗೂ ನಮಸ್ಕಾರ. ಪ್ರಿಂಟ್ ತೆಗೆದು ಟೀ ಅಂಗಡಿಯಲ್ಲಿ ಓದಿ ಹೇಳಿದೆ. ಲಾರಿ ಓನರ್ ಉಕ್ಕಿನ ಕಾರ್ಖಾನೆ ಕಥೆಗೆ ಸುಮ್ಮನಾದರು, ಸೈನ್ಯದ ಕಥೆಗೆ ಮತ್ತೆ ಜೋರಾದರು. ಕೊನೆಗೆ ವಡೆ ಅರ್ಧರ್ಧ ಮಾಡಿಕೊಂಡೆವು. ನನ್ನ ತಲೆಯಲ್ಲಿ ಮಾತ್ರ ಆ 70 ಪೆನ್ನೇ ಕೂತಿದೆ ಮೇಡಂ. ಅವರೇ ಕರೆದು ಹಂಚಿದರು ಅಂತೀರಿ. ನನ್ನ ಅಂಗಡಿಯಲ್ಲಿ ದಾರ ಕಟ್ಟಿಟ್ಟ ಪೆನ್ನನ್ನೂ ಬಿಡಲ್ಲ, ದಾರದ ಸಮೇತ ಎತ್ತಿಕೊಂಡು ಹೋಗ್ತಾರೆ.