ಹಲ್ಲಿಗೆ ಬಾಂಡಿಂಗ್ ಹಚ್ಚುವಾಗ: ಒದ್ದೆಯೋ, ತೇವವೋ, ಹಸಿಯೋ?

ಪ್ರಶ್ನೆ (ಧಾರವಾಡದಿಂದ):

ಮಾನ್ಯರೇ, ದಂತ ಚಿಕಿತ್ಸಾಲಯದ ಸಹಾಯಕಿಯರಿಗಾಗಿ ಒಂದು ಕನ್ನಡ ಕೈಪಿಡಿ ತಯಾರಾಗುತ್ತಿದೆ. ಬಾಂಡಿಂಗ್ (ಅಂಟಿಸುವ ದ್ರವ) ಹಚ್ಚಿ ಹಲ್ಲಿನ ಬಣ್ಣದ ಸಿಮೆಂಟ್ ತುಂಬುವ ಅಧ್ಯಾಯದಲ್ಲಿ ‘ಮಾಯಿಸ್ಟ್ ಡೆಂಟಿನ್’ (ಡೆಂಟಿನ್ ಎಂದರೆ ಹಲ್ಲಿನ ಗಟ್ಟಿ ಹೊರಕವಚದ ಒಳಗಿನ ಪದರ) ಎಂಬುದನ್ನು ‘ಒದ್ದೆ ಡೆಂಟಿನ್’ ಎಂದು ಬರೆದಿದ್ದಾರೆ. ಮುಂದಿನ ಪುಟದಲ್ಲೇ ‘ಹಲ್ಲು ಒದ್ದೆಯಾಗಿರಕೂಡದು’ ಎಂದಿದೆ. ಓದುವವರು ಯಾವುದನ್ನು ನಂಬಬೇಕು? ‘ತೇವ’ ಸಾಕೇ? ನಮ್ಮ ಕಡೆಯ ‘ಹಸಿ’ ನಡೆದೀತೇ?

ಉತ್ತರ (ಹುಬ್ಬಳ್ಳಿಯಿಂದ):

ನಮಸ್ಕಾರ ಮೇಡಂ. ಎರಡೂ ವಾಕ್ಯ ಸರಿಯೇ, ಆದರೆ ಎರಡರಲ್ಲಿರುವ ನೀರು ಬೇರೆ. ಜೊಲ್ಲು, ರಕ್ತ, ಒಸಡಿನಿಂದ ಒಸರುವ ದ್ರವ ಒಂದು ಹನಿಯೂ ಬೇಡ. ರಬ್ಬರ್ ಡ್ಯಾಮ್ (ಹಲ್ಲನ್ನು ಬಾಯಿಯ ತೇವದಿಂದ ಬೇರೆಯಾಗಿಡುವ ರಬ್ಬರ್ ಹಾಳೆ) ಹಾಕುವುದೇ ಅದಕ್ಕೆ. ಆಸಿಡ್ ತೊಳೆದ ಮೇಲೆ ಉಳಿಯುವ ನೀರು ಮಾತ್ರ ತುಸು ಬೇಕು.

ಬಾಂಡಿಂಗ್ ಹಿಡಿಯಲೆಂದು ಮೊದಲು 35–37% ಫಾಸ್ಫಾರಿಕ್ ಆಸಿಡ್ ಜೆಲ್ಲನ್ನು ಎನಾಮಲ್ (ಹಲ್ಲಿನ ಹೊರಕವಚ) ಮೇಲೆ 15ರಿಂದ 30 ಸೆಕೆಂಡ್, ಡೆಂಟಿನ್ ಮೇಲೆ 15 ಮೀರದಂತೆ ಬಿಡುತ್ತಾರೆ. ತೊಳೆದಾಗ ಡೆಂಟಿನ್‌ನ ಮೇಲ್ಪದರದ ಖನಿಜ ಹೋಗಿ ಕೊಲಾಜನ್ ನಾರಷ್ಟೇ ಉಳಿಯುತ್ತದೆ. ಅದನ್ನು ಎತ್ತಿ ಹಿಡಿದಿರುವುದು ನೀರು. ಜೋರಾಗಿ ಗಾಳಿ ಬಿಟ್ಟರೆ ನಾರು ಕುಸಿದು ಒತ್ತೊತ್ತಾಗುತ್ತದೆ, ರೆಸಿನ್ (ಬಾಂಡಿಂಗ್‌ನಲ್ಲಿರುವ ಅಂಟು) ಒಳಗಿಳಿಯುವುದಿಲ್ಲ, ಆಮೇಲೆ ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ. ನೀರು ನಿಂತಿದ್ದರೆ ರೆಸಿನ್ನಿನ ಘಟಕಗಳು ಬೇರ್ಪಟ್ಟು ಗುಳ್ಳೆಗಳಾಗುತ್ತವೆ, ಅಲ್ಲೂ ಹಿಡಿತವಿಲ್ಲ. ಎನಾಮಲ್ ತೂಕದಲ್ಲಿ ಸುಮಾರು 96% ಖನಿಜ, ಕುಸಿಯಲು ಅಲ್ಲಿ ನಾರಿಲ್ಲ. ಅದು ಒಣಗಿ ಸುಣ್ಣದಂತೆ ಬೆಳ್ಳಗಾದರೆ ಆಸಿಡ್ ಕೆಲಸ ಮಾಡಿದೆ ಎಂದರ್ಥ. ತೊಂದರೆ ಏನೆಂದರೆ ಒಂದೇ ಕುಳಿಯಲ್ಲಿ ಎರಡೂ ಇರುತ್ತವೆ.

ಆದ್ದರಿಂದ ಹತ್ತಿಯ ಸಣ್ಣ ಉಂಡೆಯಿಂದ ನೀರು ಹೀರಿಸಬೇಕು. ಡೆಂಟಿನ್ ಮಿನುಗಬೇಕು, ಮೂಲೆಯಲ್ಲಿ ನೀರು ನಿಂತಿರಬಾರದು. ಒಣಗಿಹೋದರೆ ನೀರಲ್ಲದ್ದಿದ ಬ್ರಷ್ ತುದಿ ಮುಟ್ಟಿಸಿದರಾಯಿತು. ಅಸಿಟೋನ್ ಇರುವ ಬಾಂಡಿಂಗ್‌ಗೆ ಈ ಹದ ತಪ್ಪಲೇಬಾರದು. ನೀರು ಬೆರೆತವು ಒಣಗಿದ ನಾರನ್ನು ತಾವೇ ಅಷ್ಟಿಷ್ಟು ನೆನೆಸುತ್ತವೆ. ಬಾಂಡಿಂಗ್ ಹಚ್ಚಿದ ಮೇಲೆ ದ್ರಾವಕ ಆರಲು ಬಿಡುವ ಗಾಳಿ ಪೂರ್ತಿ ಒಣದಾಗಿರಬೇಕು. ಗಾಳಿ ಬಿಡುವ ಸಿರಿಂಜನ್ನು ಕನ್ನಡಿಗೆ ಹಿಡಿದು ಊದಿಸಿ: ಹನಿ ಅಥವಾ ಎಣ್ಣೆಯ ಕಲೆ ಕಂಡರೆ ದೋಷ ಕಂಪ್ರೆಸರಿನದು. ಕೈಪಿಡಿಯಲ್ಲಿ ಇದೊಂದು ಸಾಲು ಇರಲಿ.

ಇನ್ನು ಪದ. ‘ಒದ್ದೆ’ ಎಂದರೆ ಹಿಂಡಿದರೆ ನೀರಿಳಿಯುವ ಸ್ಥಿತಿ. ಬೇಡವೆನ್ನುವ ಕಡೆಗೆ ಮೀಸಲಿಡಿ. ‘ತೇವ’ ಗಾಳಿಗೂ ಸಲ್ಲುವುದರಿಂದ ಸಡಿಲ. ‘ಹಸಿ’ ಅರ್ಥಕ್ಕೆ ತುಂಬ ಹತ್ತಿರ: ಎರಿ ಹೊಲದಾಗ ‘ಹಸಿ ಐತಿ’ ಅಂದರೆ ನೀರು ನಿಂತಿದೆ ಎಂದಲ್ಲ, ಮಣ್ಣು ಒಳಗೆ ಹಿಡಿದುಕೊಂಡಿದೆ ಎಂದು. ಆದರೆ ಬಾಯಿಯ ವಿಷಯದ ಮಾತಿನಲ್ಲಿ ಅದು ಹಸಿಗಾಯದ ಕಡೆ ಎಳೆಯುತ್ತದೆ. ನನ್ನ ಮತ ‘ಪಸೆ’ಗೆ. ‘ಬಾಯಿ ಪಸೆ ಆರಿತು’ ಎನ್ನುವವರಿಗೆ ವಿವರಣೆ ಬೇಡ. ‘ಡೆಂಟಿನ್‌ನ ಪಸೆ ಆರಗೊಡಬೇಡಿ, ನೀರು ನಿಲ್ಲಗೊಡಬೇಡಿ’ ಎಂದು ಬರೆಯಬಹುದು.

ಒಂದು ಎಚ್ಚರ: ಈ ವಾಕ್ಯ ಆಸಿಡ್ ಹಚ್ಚಿ ತೊಳೆಯುವ ಪದ್ಧತಿಗೆ ಮಾತ್ರ. ಸೆಲ್ಫ್-ಎಚ್ (ಆಸಿಡ್‌ನ ಕೆಲಸವನ್ನು ತಾನೇ ಮಾಡುವ) ಬಾಂಡಿಂಗ್‌ನಲ್ಲಿ ತೊಳೆಯುವ ಹಂತವೇ ಇಲ್ಲ. ಅಲ್ಲಿ ಆಯಾ ಬಾಟಲಿಯ ಸೂಚನೆಯನ್ನೇ ಅನುವಾದಿಸಿ.