ಫಾಲ್ಟಿಗೆ ಸ್ತರಭಂಗ ಒಂದ ಸಾಕೇನು? ಮತ್ತ ಗ್ಯಾಸಿಗೂ ಜಲಾಶಯನಾ?

ಎಲ್ಲಾರಿಗೂ ನಮಸ್ಕಾರ್ರಿ, ಬಾಗಲಕೋಟಿಯಿಂದ. ಗ್ಯಾಸಿನ ಮ್ಯಾಲಿನ ಒಂದು ಲೇಖನದ ಅನುವಾದದಾಗ ಸಿಕ್ಕೊಂಡೀನಿ. ಚೀನಾದ ತಾರಿಮ್ ಬೇಸಿನ್ನಿನಾಗ ಶುನ್‌ಬೇ ಅಂತ ಎಣ್ಣಿ-ಗ್ಯಾಸಿನ ಫೀಲ್ಡ್ ಐತಿ, ಅಲ್ಲಿ 7,300 ಮೀಟರಿಗಿಂತ ಕೆಳಗ, ಎಷ್ಟೋ ಬಾವಿ 8,000ನೂ ದಾಟ್ಯಾವು, 44 ಕೋಟಿ ವರ್ಷಕ್ಕೂ ಹಿಂದಿನ ಸುಣ್ಣದ ಕಲ್ಲಿನಾಗ ಗ್ಯಾಸ್ ಕುಂತೈತಿ. ಅಷ್ಟು ಆಳದಾಗ ಆ ಕಲ್ಲು ಒತ್ತಿ ಒತ್ತಿ ಒಳಗ ತೂತ ಉಳಿದಿರಂಗಿಲ್ಲ, ಆದ್ರೂ ಗ್ಯಾಸ್ ಸಿಗತೈತಿ ಅಂದ್ರ ಅದು ಫಾಲ್ಟಿನ ಗುಂಟ, ಅಂದ್ರ ನೆಲದೊಳಗ ಕಲ್ಲು ಒಡದು ಎರಡೂ ಕಡಿ ಸರದ ಜಾಗದ ಗುಂಟ.

ಈ ಫಾಲ್ಟಿಗೆ ಪುಸ್ತಕದಾಗ ಸ್ತರಭಂಗ ಅಂತಾರ. ಮರಾಠಿಯವರದು ಪ್ರಸ್ತರಭಂಗ, ಹಿಂದಿಯವರದು ಭ್ರಂಶ, ಚೀನೀಯರ ದುವಾನ್‌ಛಂಗ್ ಅಂದ್ರೂ ಕಡಿದ ಪದರಾನ ಅಂತ, ಅಂದ್ರ ನಮ್ಮ ಸ್ತರಭಂಗನ. ಮಷೀನ್ ಟ್ರಾನ್ಸ್‌ಲೇಶನ್ ಮಾತ್ರ ‘ದೋಷ’ ಅಂತ ಕೊಟ್ಟಿತ್ತು, ಕಲ್ಲಿಗೂ ಜಾತಕ ನೋಡಬೇಕೇನೋ.

ಸ್ತರಭಂಗ ಕೆಟ್ಟ ಶಬ್ದಲ್ಲ. ಆದ್ರ ಅದನ್ನ ಕೇಳಿದ ಕೂಡ್ಲೆ ಪದರು ಮ್ಯಾಲ ಕೆಳಗ ಜರದಂಗ ಚಿತ್ರ ಬರತೈತಿ, ಶುನ್‌ಬೇದಾಗ ನೋಡಿದ್ರ ಫಾಲ್ಟು ಹೆಚ್ಚಾಗಿ ಅಡ್ಡ ಸರದದ್ದು, ಪದರು ಏರಿಳಿದದ್ದು ಭಾಳ ಕಡಿಮಿ. ಅದೂ ಹೋಗ್ಲಿ, ಲೇಖನದಾಗ ಫಾಲ್ಟು ಒಂದು ಗೆರಿನ ಅಲ್ಲ. ನಟ್ಟನಡುವ ಎರಡೂ ಕಡಿ ಕಲ್ಲು ತಿಕ್ಕಾಡಿ ಪುಡಿ ಆದ ಭಾಗ, ಅದು ಮೆತ್ತಿಕೊಂಡ್ರ ಗ್ಯಾಸ್ ಆಚಿಗೆ ದಾಟಗೊಡಂಗಿಲ್ಲ. ಅದರ ಆಜೂಬಾಜೂ ಒಡದು ನಿಂತ ಕಲ್ಲು, ಗ್ಯಾಸ್ ಓಡಾಡೋದು ಇದರಾಗ, ಇದರ ಗುಂಟನ ಕೆಳಗಿನ ಬಿಸಿನೀರು ಏರಿ ಬಂದು ಸುಣ್ಣದ ಕಲ್ಲು ಕರಗಿಸಿ ಗವಿ ಮಾಡತೈತಿ, ಒಮ್ಮೊಮ್ಮೆ ಅದ ನೀರು ಕ್ಯಾಲ್ಸೈಟ್ ಅನ್ನೋ ಸುಣ್ಣದ ಖನಿಜ ಕೂಡಿಸಿ ಇದ್ದ ದಾರಿನೂ ಮುಚ್ಚತೈತಿ. ಮ್ಯಾಲಿನ ಮುಚ್ಚಳದ ಪದರೂ ಒಡದಿದ್ರ ಗ್ಯಾಸ್ ಎಂದೋ ಸೋರಿ ಹೋಗಿರತೈತಿ. ಇಷ್ಟಕ್ಕೂ ‘ಭಂಗ’ ಒಂದ ಇಟಗೊಂಡು ಹೆಂಗ ಬರೀಲಿ?

ಲೋಕಾಪುರ ಕಡೆ ನಮ್ಮ ಹೊಲದಾಗ ಬೋರ್ ಹೊಡಸುವಾಗ, ಅಲ್ಲೂ ಸುಣ್ಣದ ಕಲ್ಲ, 280 ಫೂಟತನಾ ಬರೇ ಬೂದಿ ಬಣ್ಣದ ಧೂಳು ಏಳ್ತು, ಗಾಡಿಯಂವ ತಂಬಾಕ ತಿಕ್ಕೋತ ‘ಸೀಳು ಹತ್ತವಲ್ದು ಸಾಹೇಬ್ರ’ ಅಂದ. ಸ್ವಲ್ಪ ಹೊತ್ತಿಗೆ ರಾಡ್ ಧಡಕ್ಕನ ಒಂದು ಗೇಣು ಇಳೀತು, ಧೂಳು ರಾಡಿ ಆತು, ನೀರು ಬಂತು. ಅಂವ ಬಿರುಕು ಅನ್ನಲಿಲ್ಲ, ಬಿರುಕು ಗ್ವಾಡಿಗೆ. ಅದಕ್ಕ ಫ್ರ್ಯಾಕ್ಚರಿಗೆ ‘ಸೀಳು’, ಫಾಲ್ಟಿನ ಅಕ್ಕಪಕ್ಕದ ಒಡದ ಭಾಗಕ್ಕ ‘ಸೀಳುಪಟ್ಟಿ’ ಅಂತ ಬರದೀನಿ. ನಡುವಿನ ಪುಡಿಗೆ ಗಿರಣಿ ಮಾತ ಸಾಕು ಅನಸ್ತು, ದಪ್ಪಂದು ‘ನುಚ್ಚು’, ಸಣ್ಣಂದು ‘ಹಿಟ್ಟು’. ಎಡಿಟರ್ರು ನುಚ್ಚಿಗೆ ನಕ್ಕರು, ನುಚ್ಚುಗಲ್ಲು ಅಂತ ಮಾಡಿದ್ರ ಗಂಭೀರ ಆಗತೈತೇನೋ.

ಇನ್ನ ರಿಸರ್ವಾಯರ್. ‘ಅನಿಲ ಜಲಾಶಯ’ ಅಂತ ಎಲ್ಲೋ ಓದಿ ತಲಿ ಕೆಟ್ಟೈತಿ. ಆಲಮಟ್ಟಿ ಹಿನ್ನೀರಾಗ ಊರು ಮುಳುಗಿಸಿಕೊಂಡ ಮಂದಿ ನಾವು, ನಮಗ ಜಲಾಶಯ ಅಂದ್ರ ಕಣ್ಣಿಗೆ ಕಾಣೋ ನೀರು, ಇಲ್ಲಿ ನೋಡಿದ್ರ ಕೆರಿ ಇಲ್ಲ ಏನಿಲ್ಲ, ಗ್ಯಾಸ್ ಹಿಡಕೊಂಡ ಕಲ್ಲ ರಿಸರ್ವಾಯರ್. ‘ಅನಿಲಾಶಯ’ ವ್ಯಾಕರಣಕ್ಕ ಸರಿ, ಗರ್ಭಾಶಯ ಮೂತ್ರಾಶಯ ಇದ್ದಂಗ, ಆದ್ರ ನನ್ನ ಮಗಳು ‘ಯಾವ ಅನಿಲಂದು ಆಶಯ ಅಪ್ಪಾ?’ ಅಂತ ಕೇಳಿದಳು. ನನಗ ‘ಹಗೇವು’ ಹೊಳದೈತಿ. ನೆಲದೊಳಗ ಜ್ವಾಳ ತುಂಬಿ ಬಾಯಿ ಮೆತ್ತಿ ಇಡತಿದ್ರಲ್ಲ, ಬಾಯಿ ಸರಿ ಮೆತ್ತಲಿಲ್ಲಂದ್ರ ಮಾಲು ಹೋತು, ಗ್ಯಾಸಿಂದೂ ಅದ ಲೆಕ್ಕ. ಹಗೇವು ತೋಡಿದ ಗುಂಡಿ, ಇದು ಕಲ್ಲಿನ ಸೀಳು-ಗವಿ, ಅಷ್ಟು ಫರಕು ಇದ್ದದ್ದ. ಮೈಸೂರು ಕಡೆಯವ್ರಿಗೆ ಹಗೇವು ತಿಳೀತೈತೇನ್ರಿ, ಅಥವಾ ಅಲ್ಲಿ ಬ್ಯಾರೆ ಮಾತು ಏನರ ಐತೇನು? ಸೋಮವಾರ ಪ್ರತಿ ಕಳಿಸಬೇಕು, ಅದರೊಳಗ ಹೇಳ್ರಿ.