ಕಾಲಿಗೆ ರಕ್ತ ಕಡಿಮೆ ಹೋಗ್ತಿದ್ದರೆ ಬಿಗಿ ಸ್ಟಾಕಿಂಗ್ಸ್ ಹಾಕಬಹುದಾ?

ಪ್ರಶ್ನೆ: ಡಾಕ್ಟ್ರೇ, ತಾಯಿಗೆ 67 ವರ್ಷ, ಶುಗರ್, ಬಿಪಿ ಎರಡೂ ಇದೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತೆ, ನಿಂತರೆ ಬಿಡುತ್ತೆ. ಬಲಗಾಲಿನ ಎಬಿಐ 0.68. ಪಾದ ಊದುತ್ತೆ ಅಂದಿದ್ದಕ್ಕೆ ಮೆಡಿಕಲ್ ಶಾಪಿನಲ್ಲಿ ಕ್ಲಾಸ್ 2 ಸ್ಟಾಕಿಂಗ್ಸ್ ಕೊಟ್ಟಿದ್ದಾರೆ. ಬಿಗಿ ಮಾಡಿದರೆ ಬರೋ ರಕ್ತವೂ ನಿಂತುಹೋಗಲ್ವಾ?

ಉತ್ತರ (ರಕ್ತನಾಳ ತಜ್ಞರು): ಸದ್ಯಕ್ಕೆ ಹಾಕಬೇಡಿ. ಎಬಿಐ ಅಂದರೆ ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದ್ದು. ತೋಳಲ್ಲಿ 140, ಕಣಕಾಲಲ್ಲಿ 95 ಇದ್ದರೂ 0.68, ತೋಳಲ್ಲಿ 100, ಕಣಕಾಲಲ್ಲಿ 68 ಇದ್ದರೂ 0.68. ಎರಡನೆಯ ಕಾಲು ಅಪಾಯದ ಗಡಿಯಲ್ಲೇ ಇದೆ. ಹಾಗಾಗಿ ರಿಪೋರ್ಟಿನಲ್ಲಿ ಕಣಕಾಲಿನ ಒತ್ತಡ ಎಷ್ಟಿದೆ ನೋಡಿ. ಅದು 60ಕ್ಕಿಂತ ಕಡಿಮೆ, ಅಥವಾ ಕಾಲಿನ ಹೆಬ್ಬೆರಳಿನ ಒತ್ತಡ 30ಕ್ಕಿಂತ ಕಡಿಮೆ, ಅಥವಾ ಎಬಿಐ 0.6ಕ್ಕಿಂತ ಕಡಿಮೆ ಇದ್ದರೆ ಸ್ಟಾಕಿಂಗ್ಸ್ ಮಾತೇ ಬೇಡ. ಶುಗರ್ ಇರುವವರಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕೂತು ಗಟ್ಟಿಯಾಗಿರುತ್ತೆ, ಬಿಪಿ ನೋಡುವ ಪಟ್ಟಿ (ಕಫ್) ಒತ್ತಿದರೂ ಬೇಗ ಮುಚ್ಚಲ್ಲ, ಅಂಕಿ ಸುಳ್ಳೇ ಜಾಸ್ತಿ ಬರುತ್ತೆ. ನಿಮ್ಮ ತಾಯಿಗೆ ಹೆಬ್ಬೆರಳಿನ ಒತ್ತಡ ನೋಡಲೇಬೇಕು.

ರಕ್ತ ನಿಂತುಹೋಗುತ್ತಾ ಅಂದರೆ, ಯಾವಾಗಲೂ ಇಲ್ಲ. ಚರ್ಮಕ್ಕೆ ರಕ್ತ ಹರಿಯೋದು ಅಪಧಮನಿಯ (ಹೃದಯದಿಂದ ರಕ್ತ ತರುವ ನಾಳ) ಒತ್ತಡಕ್ಕೂ ಅಭಿಧಮನಿಯ (ರಕ್ತ ವಾಪಸ್ ಒಯ್ಯುವ ನಾಳ) ಒತ್ತಡಕ್ಕೂ ಇರುವ ಅಂತರದಿಂದ. ಹದವಾಗಿ ಒತ್ತಿದಾಗ ಅಭಿಧಮನಿ ಖಾಲಿಯಾಗಿ, ಊತ ಇಳಿದು, ಆ ಅಂತರ ಹೆಚ್ಚುತ್ತೆ. ಚರ್ಮದ ಹರಿವು ಸುಧಾರಿಸಲೂಬಹುದು. ಆದರೆ ಕ್ಲಾಸ್ 2 ಅಂದರೆ ಕಣಕಾಲಲ್ಲಿ ಸುಮಾರು 23ರಿಂದ 32 ಎಂಎಂ ಒತ್ತಡ. ಎಳೆದಷ್ಟೂ ಹಿಗ್ಗುವ ಬಟ್ಟೆಯಾದ್ದರಿಂದ ಮಲಗಿದಾಗಲೂ ಅದರ ಹಿಡಿತ ಸಡಿಲವಾಗಲ್ಲ. ನಿಂತಾಗ ಪಾದಕ್ಕೆ ಸಿಗುವ ರಕ್ತದ ಭಾರದ ನೆರವು ಮಲಗಿದಾಗ ಇರಲ್ಲ. ಹಾನಿ ಆಗೋದು ಆಗಲೇ.

ಪ್ರಶ್ನೆ: ರಾತ್ರಿ ಪಾದ ಉರಿಯುತ್ತೆ ಅಂತ ಅಮ್ಮ ಕಾಲನ್ನು ಮಂಚದಿಂದ ಇಳಿಬಿಟ್ಟೇ ಮಲಗ್ತಾರೆ ಸರ್. ಬೆಳಿಗ್ಗೆ ಊತ ಜಾಸ್ತಿ.

ಉತ್ತರ: ಇದನ್ನು ಹೇಳಿದ್ದು ಒಳ್ಳೇದಾಯ್ತು. ಮಲಗಿದಾಗ ನೋವು, ಇಳಿಬಿಟ್ಟರೆ ಹಾಯಿ ಅಂದರೆ ವಿಶ್ರಾಂತಿಯಲ್ಲೂ ಪಾದಕ್ಕೆ ರಕ್ತ ಸಾಲುತ್ತಿಲ್ಲ ಅಂತಲೇ ಮೊದಲು ಅನುಮಾನಿಸಬೇಕು. ಊತಕ್ಕೆ ಇಳಿಬಿಟ್ಟಿದ್ದೇ ಕಾರಣ ಇರಬಹುದು. ಸ್ಟಾಕಿಂಗ್ಸ್ ಪಕ್ಕಕ್ಕಿಟ್ಟು ಈ ವಾರವೇ ರಕ್ತನಾಳ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ರಕ್ತದ ದಾರಿ ತೆರೆಯೋದು ಮೊದಲ ಕೆಲಸ. ಬೆರಳು ಕಪ್ಪಾದರೆ, ಗಾಯವಾದರೆ, ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಜೋಮು ಹಿಡಿದರೆ ಅವತ್ತೇ ಹೋಗಿ. ಬಿಪಿಗೆ ಆಮ್ಲೋಡಿಪಿನ್ ತಗೊಳ್ತಿದ್ದರೆ ಅದನ್ನೂ ಹೇಳಿ, ಅದರಿಂದಲೂ ಪಾದ ಊದುತ್ತೆ, ನೀವಾಗಿ ನಿಲ್ಲಿಸಬೇಡಿ. ಹೃದಯ, ಕಿಡ್ನಿ ಪರೀಕ್ಷೆಯೂ ಆಗಲಿ. ಕಾಲಿಗೆ ಬಿಸಿನೀರಿನ ಚೀಲ ಇಡಲೇಬೇಡಿ.

ಪ್ರಶ್ನೆ (ಗಾಯದ ಡ್ರೆಸ್ಸಿಂಗ್ ಮಾಡುವ ನರ್ಸ್): ಸರ್, ಅಭಿಧಮನಿ ಹುಣ್ಣು, ಜೊತೆಗೆ ಅಪಧಮನಿಯಲ್ಲೂ ಅಡಚಣೆ. ಕಣಕಾಲಿನ ಒತ್ತಡ 85, ಎಬಿಐ 0.65, ಶುಗರ್ ಇಲ್ಲ. ಬ್ಯಾಂಡೇಜ್ ಕಟ್ಟಬಹುದಾ?

ಉತ್ತರ: ರಕ್ತನಾಳ ತಜ್ಞರು ಒಪ್ಪಿದ್ದರೆ ಕಟ್ಟಬಹುದು ಸಿಸ್ಟರ್. ತುಂಬಾ ಹಿಗ್ಗುವ ಕ್ರೇಪ್ ಬ್ಯಾಂಡೇಜ್ ಬೇಡ, ಕಡಿಮೆ ಹಿಗ್ಗುವ ಬ್ಯಾಂಡೇಜ್ ತಗೊಳ್ಳಿ: ನಡೆದಾಗ ಒತ್ತುತ್ತೆ, ಮಲಗಿದಾಗ ಒತ್ತಡ ಇಳಿಯುತ್ತೆ. 20ರಿಂದ 30 ಎಂಎಂನಲ್ಲಿ ಶುರು ಮಾಡಿ, 40 ದಾಟಬೇಡಿ. ಕಾಲಿನ ಸುತ್ತಳತೆ ಕಡಿಮೆಯಿದ್ದಷ್ಟೂ ಅದೇ ಎಳೆತಕ್ಕೆ ಒತ್ತಡ ಜಾಸ್ತಿ. ಮೊಳೆಯಂತೆ ಚಾಚಿರುವ ಕಣಕಾಲಿನ ಗಂಟು, ಮೊಣಕಾಲಿನ ಕೆಳಗೆ ಕಾಲಿನ ಮುಂಭಾಗದ ಮೂಳೆಯ ಅಂಚಿನಲ್ಲಿ ಚರ್ಮ ಕೊಳೆಯೋದು ಇದರಿಂದಲೇ. ಅಲ್ಲಿ ಹತ್ತಿಯ ಪ್ಯಾಡಿಂಗ್ ದಪ್ಪಗಿರಲಿ. ಬೆರಳುಗಳು ಹೊರಗೆ ಕಾಣಬೇಕು. ಕಟ್ಟಿದ ಮೇಲೆ ಮಲಗಿಸಿ ಅರ್ಧ ಗಂಟೆ ಬಿಟ್ಟು ಬೆರಳಿನ ಬಣ್ಣ ನೋಡಿ, ಹೆಬ್ಬೆರಳ ತುದಿ ಒತ್ತಿ ಬಿಡಿ. ಕಟ್ಟುವ ಮೊದಲಿಗಿಂತ ನಿಧಾನವಾಗಿ ಕೆಂಪೇರಿದರೆ ಬಿಚ್ಚಿಬಿಡಿ. ಮರುದಿನವೇ ಬಿಚ್ಚಿ ಚರ್ಮ ನೋಡಿ. ರಾತ್ರಿ ನೋವು ಹೆಚ್ಚಾದರೆ ಬೆಳಗಿನವರೆಗೆ ಕಾಯದೆ ಕತ್ತರಿಸಿ ತೆಗೆಯಲು ಮನೆಯವರಿಗೆ ತೋರಿಸಿಕೊಡಿ.